ಯುಟಿಲಿಟಿಗೆ ಸ್ಟೀಲ್ ಸಿಂಕ್ ಮಾಡಿಸುತ್ತಿದ್ದೇವೆ, ಪೀಣ್ಯಕ್ಕೆ ಬನ್ನಿ

ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದ ಈ ಗಲ್ಲಿಯಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಒಂದು ಶೆಡ್ಡಿನಲ್ಲಿ ಗ್ರೈಂಡರ್, ಇನ್ನೊಂದರಲ್ಲಿ ಬಫಿಂಗ್, ಅಂದರೆ ಸ್ಟೀಲ್ ಉಜ್ಜಿ ಪಾಲಿಶ್ ಮಾಡುವುದು. ಅದಕ್ಕೇ ಈ ವಿಡಿಯೋದಲ್ಲಿ ಅಲ್ಲಿನ ಆಡಿಯೋ ತೆಗೆದುಹಾಕಿ, ಮನೆಯಲ್ಲಿ ಕೂತು ವಾಯ್ಸ್‌ಓವರ್ ಕೊಡುತ್ತಿದ್ದೇನೆ.

ಮಾಡಿಸುತ್ತಿರುವುದು ಯುಟಿಲಿಟಿಗೆ, ಅಂದರೆ ಪಾತ್ರೆ, ಬಟ್ಟೆ ತೊಳೆಯುವ ಜಾಗಕ್ಕೆ, ಒಂದು ಸಿಂಕು, ಪಕ್ಕದಲ್ಲಿ ಪಾತ್ರೆ ಬೋರಲು ಹಾಕಲು ಸ್ಟೀಲ್ ಕಟ್ಟೆ, ಮೇಲೆ ಗೋಡೆಗೆ ತಟ್ಟೆ ಸ್ಟ್ಯಾಂಡು. ರೆಡಿಮೇಡ್ ಸಿಗಲ್ವಾ ಅಂತ ಕೇಳುತ್ತೀರಿ. ಸಿಗುತ್ತದೆ, ಅಗ್ಗಕ್ಕೂ ಸಿಗುತ್ತದೆ. ನಿಮ್ಮ ಜಾಗಕ್ಕೆ ಅದು ಸರಿಯಾಗಿ ಕೂರುತ್ತದೆ ಅಂದರೆ ಸುಮ್ನೆ ಅದನ್ನೇ ತಗೊಳ್ಳಿ. ನಮ್ಮ ಯುಟಿಲಿಟಿಯಲ್ಲಿ ಒಂದು ಕಡೆ ಕಂಬ, ಇನ್ನೊಂದು ಕಡೆ ವಾಷಿಂಗ್ ಮೆಷಿನ್. ಮಧ್ಯೆ ಉಳಿದ ಜಾಗಕ್ಕೆ ಅಂಗಡಿಯ ಯಾವ ಸೈಜೂ ಹೊಂದಲಿಲ್ಲ.

ನಾನು ಗೋಡೆಯ ಅಳತೆ ಬರೆದುಕೊಂಡು ಹೋಗಿದ್ದೆ. ಸಿಂಕು ಮಾಡಿಕೊಡುವ ಫ್ಯಾಬ್ರಿಕೇಟರ್ ಅದನ್ನು ನೋಡಿ ಪಕ್ಕಕ್ಕಿಟ್ಟು, ನಮ್ಮ ಅಮ್ಮನನ್ನು ಕೇಳಿದರು: "ಅಮ್ಮಾ, ನಿಮ್ಮನೇಲಿ ಇರೋದ್ರಲ್ಲಿ ದೊಡ್ಡ ಪಾತ್ರೆ ಯಾವುದು?" ಹಬ್ಬಕ್ಕೆ ಬಿಸಿಬೇಳೆ ಬಾತ್ ಮಾಡುವ ಪಾತ್ರೆ ಅಂದರು ಅಮ್ಮ. "ಹಂಗಾದ್ರೆ ಮೊದ್ಲು ಅದರ ಅಳತೆ ತಗೊಂಡ್ಬನ್ನಿ."

ಈಗ ನೋಡುತ್ತಿರುವುದು ಅದೇ. ನೆಲದ ಮೇಲೆ ನ್ಯೂಸ್ ಪೇಪರ್ ಹಾಸಿ, ಪಾತ್ರೆ ಬೋರಲಿಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆವು. ಬಾಯಿಯ ಅಳತೆ ಮಾತ್ರ ಸಾಲದು. ಎರಡು ಕಡೆ ಕಿವಿ ಇರುತ್ತದೆ. ಅದನ್ನು ತಿರುಗಿಸಿ ಉಜ್ಜಲು ಕೈಯೂ ಆಡಬೇಕು. ಹಾಗಾಗಿ ಗೆರೆಯ ಆಚೆ ಸುತ್ತಲೂ ಎರಡು ಇಂಚು ಬಿಟ್ಟೆವು. ಸಿಂಕಿನ ಒಳ ಅಳತೆ ಸಿಕ್ಕಿದ್ದು ಹೀಗೆ.

ಎತ್ತರ ಇನ್ನೂ ಮಜಾ. ಪಾತ್ರೆ ತೊಳೆಯುವಾಗ ಕೈ ಇರುವುದು ಸಿಂಕಿನ ತಳದಲ್ಲಿ, ಅಂಚಿನಲ್ಲಲ್ಲ. ಅಮ್ಮ ನೆಟ್ಟಗೆ ನಿಂತು ಮುಷ್ಟಿ ಕಟ್ಟಿ ಕೈ ಇಳಿಬಿಟ್ಟರು. ನೆಲದಿಂದ ಮುಷ್ಟಿಗೆ 25 ಇಂಚು. ಅಲ್ಲಿಗೆ ತಳ ಬರಬೇಕು. ಆಳ 9 ಇಂಚು ಸೇರಿಸಿದರೆ ಅಂಚು 34 ಇಂಚಿಗೆ ಬಂತು. ಆಳ ಜಾಸ್ತಿ ಇದ್ದರೆ ನೀರು ಸಿಡಿಯುವುದಿಲ್ಲ ನಿಜ, ಆದರೆ ಅಂಚು ಏರಿಸದೆ ಬರೀ ಆಳ ಮಾಡಿದರೆ ಸೊಂಟ ಬಗ್ಗಿಸಿಯೇ ತೊಳೆಯಬೇಕು.

ಗೋಡೆಯ ಅಳತೆ ಬೇಡವೇ ಬೇಡ ಅಂತಲ್ಲ. ಟೈಲ್ಸ್ ಹಾಕಿದ ಮೇಲೆ ತಗೊಳ್ಳಿ, ಹಿಂದೆ ಒಂದು ಸಲ, ಮುಂದೆ ಒಂದು ಸಲ. ಮೂಲೆಮಟ್ಟ ಸರಿ ಇರುವ ಗೋಡೆ ನಮ್ಮ ಮನೆಗಳಲ್ಲಿ ಅಪರೂಪ.

ಇನ್ನು ಸ್ಟೀಲ್. ಮಾತು ಶುರುವಾಗುವುದೇ 304ಆ, 202ಆ ಅಂತ. ಇವು ಸ್ಟೇನ್‌ಲೆಸ್ ಸ್ಟೀಲಿನ ಗ್ರೇಡುಗಳು. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ, ಅದಕ್ಕೇ ರೇಟು ಕಡಿಮೆ. ಒಣಗಿರುವ ಜಾಗಕ್ಕೆ, ಅಂದರೆ ಮನೆಯೊಳಗಿನ ಹಾಲ್‌ನ ರೇಲಿಂಗಿಗೆ, 202 ನಡೆಯುತ್ತದೆ. ದಿನವಿಡೀ ಉಪ್ಪು, ಹುಳಿ, ನೀರು ಬೀಳುವ ಸಿಂಕಿಗೆ ಬೇಡ. ಮಂಗಳೂರು, ಕಾರವಾರದ ಕಡೆ ಸಮುದ್ರಕ್ಕೆ ಹತ್ತಿರ ಇರುವವರು ಹೊರಗಡೆ ಹಾಕುವ ಸ್ಟೀಲಿಗೆ 316 ಕೇಳಿ. ಅದರಲ್ಲಿ ಮಾಲಿಬ್ಡಿನಂ ಇರುವುದರಿಂದ ಉಪ್ಪುಗಾಳಿಯನ್ನು ಚೆನ್ನಾಗಿ ತಡೆಯುತ್ತದೆ.

ಮ್ಯಾಗ್ನೆಟ್ ಇಟ್ಟು ನೋಡಿ, ಅಂಟದಿದ್ದರೆ 304 ಅಂತ ಎಷ್ಟೋ ಜನ ಹೇಳುತ್ತಾರೆ. ನಂಬಬೇಡಿ. 202ಗೂ ಮ್ಯಾಗ್ನೆಟ್ ಅಂಟುವುದಿಲ್ಲ. ಅಸಲಿ 304ನ್ನೇ ಬಗ್ಗಿಸಿದ ಕಡೆ ಸ್ವಲ್ಪ ಹಿಡಿಯಲೂಬಹುದು. ನಮ್ಮ ಫ್ಯಾಬ್ರಿಕೇಟರ್ ಹತ್ತಿರ ಒಂದು ಟೆಸ್ಟಿಂಗ್ ಲಿಕ್ವಿಡ್ ಇತ್ತು. 202ರ ಒಂದು ತುಂಡು, 304ರ ಒಂದು ತುಂಡು ಇಟ್ಟು, ಎರಡರ ಮೇಲೂ ಒಂದೊಂದು ಹನಿ ಬಿಟ್ಟು ಪುಟ್ಟ ಬ್ಯಾಟರಿ ತಾಗಿಸಿದರು. ನೋಡಿ, ಎಡಗಡೆಯ 202ರ ಹನಿ ಕೆಂಪಾಯಿತು. ಅದು ಮ್ಯಾಂಗನೀಸಿನ ಗುರುತು. ಬಲಗಡೆ ಹಾಗೆ ಕೆಂಪಾಗಲಿಲ್ಲ. ನಿಮ್ಮ ಶೀಟು ಕಟ್ ಮಾಡುವ ಮೊದಲೇ ಹೀಗೆ ಕೇಳಿ ಮಾಡಿಸಿಕೊಳ್ಳಿ. ಬಿಲ್ಲಿನಲ್ಲಿ ಬರೀ "ಎಸ್ಎಸ್ ಸಿಂಕ್" ಅಂತ ಬರೆಯಲು ಬಿಡಬೇಡಿ, ಗ್ರೇಡು, ದಪ್ಪ ಎರಡೂ ಬರೆಸಿ.

ದಪ್ಪ ಅಂದರೆ ಗೇಜು. ಗೇಜಿನ ನಂಬರ್ ಹೆಚ್ಚಾದಷ್ಟೂ ಶೀಟು ತೆಳು. ನಾವು ಮಿಲಿಮೀಟರಿನಲ್ಲೇ ಮಾತಾಡಿದೆವು, 1.2 ಮಿ.ಮೀ. ತೂಕದ ಲೆಕ್ಕದಲ್ಲಿ ರೇಟು ಹೇಳುವವರಿದ್ದರೆ ಈ ಲೆಕ್ಕ ಗೊತ್ತಿರಲಿ: 1 ಮಿ.ಮೀ. ದಪ್ಪದ ಒಂದು ಚದರ ಅಡಿ ಸ್ಟೀಲ್ ಮುಕ್ಕಾಲು ಕೆಜಿಗೆ ಒಂಚೂರು ಕಡಿಮೆ. 8 ಅಡಿಗೆ 4 ಅಡಿಯ ಪೂರ್ತಿ ಶೀಟು 1 ಮಿ.ಮೀ. ಆದರೆ ಸುಮಾರು 23.5 ಕೆಜಿ, 1.2 ಆದರೆ 28 ಕೆಜಿ. ವೇಸ್ಟೇಜ್ ಯಾರ ಲೆಕ್ಕಕ್ಕೆ ಅಂತ ಮೊದಲೇ ಕೇಳಿಬಿಡಿ. ಜಗಳ ಆಗುವುದೇ ಅಲ್ಲಿ.

ಫಿನಿಶ್ ಮ್ಯಾಟ್. ಮಿರರ್ ಫಿನಿಶ್ ಶೋರೂಮಿನಲ್ಲಿ ಚೆಂದ, ಮನೆಯಲ್ಲಿ ಪ್ರತಿ ನೀರಿನ ಹನಿಯ ಕಲೆಯೂ ಕಾಣುತ್ತದೆ. ಕಪ್ಪು, ಬಂಗಾರದ ಬಣ್ಣದ್ದು ಬೇಡ ಅಂದೆ. ಬಣ್ಣದ ಕೋಟಿಂಗ್ ಮೇಲೆ ಗೀರು ಬಿದ್ದರೆ ಬಫ್ ಮಾಡಿ ಸರಿಮಾಡಲು ಆಗುವುದಿಲ್ಲ.

ಉಳಿದದ್ದನ್ನು ಡ್ರಾಯಿಂಗಿನ ಮೇಲೇ ಬರೆಸಿದೆವು. ತಳಕ್ಕೆ ಜಾಲರಿಯ ಕಡೆ ಇಳಿಜಾರು. ಮೂಲೆಗಳು ಚೂಪಾಗಿ ಬೇಡ, ಬೆರಳು ಆಡುವಷ್ಟು ಗುಂಡಗೆ. ಗೋಡೆಯ ಕಡೆ ಶೀಟು 4 ಇಂಚು ಮೇಲಕ್ಕೆ ಮಡಚಬೇಕು. ಮುಂದಿನ ಅಂಚು ಒಳಕ್ಕೆ ಮಡಚಿರಬೇಕು, ಕೈ ಕುಯ್ಯಬಾರದು. ಕೆಳಗೆ ರಬ್ಬರ್ ಪ್ಯಾಡ್, ಇಲ್ಲದಿದ್ದರೆ ನಲ್ಲಿ ಬಿಟ್ಟಾಗೆಲ್ಲ ಢಣಢಣ. ವೆಲ್ಡಿಂಗ್ ಆರ್ಗಾನ್ ಗ್ಯಾಸಿನಲ್ಲಿ. ಕ್ಯಾಮೆರಾ ಹತ್ತಿರ ಹಿಡಿದಿದ್ದೇನೆ, ಜಾಯಿಂಟಿನ ಪಕ್ಕ ನೀಲಿ, ಕಂದು ಪಟ್ಟೆ ಕಾಣುತ್ತಿದೆ ಅಲ್ವಾ? ಬಿಸಿಗೆ ಬಂದ ಬಣ್ಣ ಅದು. ಅದಕ್ಕೆಂದೇ ಇರುವ ಪೇಸ್ಟ್ ಹಚ್ಚಿ ಪೂರ್ತಿ ತೆಗೆಯಬೇಕು. ಬಿಟ್ಟರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ಸಿಂಕು ರೆಡಿಯಾದರೂ ಮನೆಗೆ ತರುತ್ತಿಲ್ಲ. ಟೈಲ್ಸ್ ಮೇಲಿನ ಸಿಮೆಂಟ್ ಕಲೆಗೆ ಕೆಲಸದವರು ಆಸಿಡ್ ಹಾಕಿ ತೊಳೆಯುತ್ತಾರೆ. ಅದರ ಹೊಗೆ ತಾಗಿದರೂ ಸಾಕು, 304 ಆದರೂ ಕಂದು ಚುಕ್ಕೆ ಬೀಳುತ್ತದೆ. ಆ ಕೆಲಸ ಮುಗಿದು, ನೆಲವನ್ನೆಲ್ಲ ನೀರಲ್ಲಿ ಚೆನ್ನಾಗಿ ತೊಳೆದ ಮೇಲೆ ಫೋನ್ ಮಾಡಿ ಅಂದಿದ್ದಾರೆ ಫ್ಯಾಬ್ರಿಕೇಟರ್. ಅಲ್ಲಿಯವರೆಗೆ ಅದು ಅವರ ಶೆಡ್ಡಿನಲ್ಲೇ ಇರುತ್ತದೆ.