ಯಾಂಡಾ ಗೊಂಬೆಯ ಜಿಡ್ಡು ಒರೆಸಬೇಡಿ

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಮರದ ಕೆತ್ತನೆ ಅಂದರೆ ಸಾಮಾನ್ಯವಾಗಿ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಮುಖವಾಡ ಅಥವಾ ಆಳೆತ್ತರದ ಮೂರ್ತಿ. ಇವತ್ತು ನಾನು ಹೇಳಹೊರಟಿರುವ ಗೊಂಬೆಗಳು ಹಾಗಲ್ಲ. ಹೆಚ್ಚಿನವು 10ರಿಂದ 20 ಸೆಂಟಿಮೀಟರ್, ಅಂಗಿ ಜೇಬಿಗೆ ಹಿಡಿಸುವಷ್ಟು. ಕೈ ಇರುವುದೇ ಇಲ್ಲ, ಅಥವಾ ಇದ್ದೂ ಇಲ್ಲದಂತೆ. ಮೊದಲ ಸಲ ನೋಡಿದವರು "ಇದಕ್ಕಾ ಇಷ್ಟೊಂದು ದುಡ್ಡು?" ಅಂತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಇವು ಜಾಂಡೆ ಜನರ ಯಾಂಡಾ ಗೊಂಬೆಗಳು. ಜಾಂಡೆ ಜನ ಇವತ್ತು ಮೂರು ದೇಶಗಳಲ್ಲಿ ಹಂಚಿಹೋಗಿದ್ದಾರೆ: ಕಾಂಗೋದ ಉತ್ತರ ಭಾಗದಲ್ಲಿ ಉಯೆಲೆ ನದಿಯ ಸುತ್ತ, ದಕ್ಷಿಣ ಸುಡಾನಿನ ಯಾಂಬಿಯೋ ಮತ್ತು ನ್ಜಾರಾ ಕಡೆ, ಮಧ್ಯ ಆಫ್ರಿಕಾ ಗಣರಾಜ್ಯದ ಪೂರ್ವದ ತುದಿಯಲ್ಲಿ. ಗಡಿ ಎಳೆದವರು ಬೆಲ್ಜಿಯನ್ನರು, ಬ್ರಿಟಿಷರು, ಫ್ರೆಂಚರು. ಜಾಂಡೆಯವರನ್ನು ಯಾರೂ ಕೇಳಲಿಲ್ಲ.

ಇವರ ಬಗ್ಗೆ ಯುರೋಪಿಗೆ ಮೊದಲು ಮುಟ್ಟಿದ ಸುದ್ದಿಯೇ ವಿಚಿತ್ರ. ಪಕ್ಕದ ಜನ ಇಟ್ಟ "ನಿಯಾಮ್ ನಿಯಾಮ್" ಅನ್ನುವ ಹೆಸರು, ಜೊತೆಗೆ ಬಾಲವಿದೆ, ಮನುಷ್ಯರನ್ನು ತಿನ್ನುತ್ತಾರೆ ಅನ್ನುವ ಕಥೆಗಳು. 1870ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ಗಿಯಾರ್ಗ್ ಶ್ವಾಯಿನ್‌ಫುರ್ಟ್ ಅಲ್ಲಿಗೆ ಹೋದ, ಚಿತ್ರ ಬರೆದ, ಸಾಮಾನು ಕೂಡಿಹಾಕಿದ. ಅದೇ ವರ್ಷದ ಕೊನೆಗೆ, ವ್ಯಾಪಾರಿಗಳ ಬೀಡಿನಲ್ಲಿ ಬೆಂಕಿ ಬಿದ್ದು ಅವನು ಕೂಡಿಟ್ಟಿದ್ದರಲ್ಲಿ ಬಹಳಷ್ಟು ಸುಟ್ಟುಹೋಯಿತು. ಅಳತೆಯ ಉಪಕರಣಗಳೂ ಹೋದವು. ಆಮೇಲೆ ಆ ಮನುಷ್ಯ ದೂರ ಅಳೆಯೋಕೆ ತನ್ನ ಹೆಜ್ಜೆಗಳನ್ನೇ ಎಣಿಸುತ್ತಾ ನಡೆದನಂತೆ, ಲಕ್ಷಗಟ್ಟಲೆ ಹೆಜ್ಜೆ! ಸಂಗ್ರಹಕಾರರ ಹಟ ಅಂದರೆ ಇದು, ಅಲ್ವಾ?

ಸರಿ, ಗೊಂಬೆಗೆ ಬರೋಣ. ಯಾಂಡಾ ಅರಮನೆಯ ಕಲೆಯಲ್ಲ. ಅದು ಮಾನಿ ಅನ್ನುವ ಗುಟ್ಟಿನ ಸಂಘಕ್ಕೆ ಸೇರಿದ್ದು. 20ನೇ ಶತಮಾನದ ಆರಂಭದ ಹೊತ್ತಿಗೆ ಈ ಸಂಘ ಕಾಂಗೋ ಕಡೆಯಿಂದ ಉತ್ತರಕ್ಕೆ ಹರಡಿತು. ಬೇಟೆಯಲ್ಲಿ ಯಶಸ್ಸು ಬೇಕು, ಮಾಟದಿಂದ ರಕ್ಷಣೆ ಬೇಕು, ದೊರೆಯ ಸಿಟ್ಟಿನಿಂದ ಪಾರಾಗಬೇಕು, ಇಂಥ ಆಸೆಗಳಿಗೆ ಜನ ಅದನ್ನು ಸೇರುತ್ತಿದ್ದರು. ಗಂಡಸರ ಜೊತೆ ಹೆಂಗಸರೂ ಸೇರಬಹುದಿತ್ತು, ಸಾಮಾನ್ಯರೇ ಜಾಸ್ತಿ. ಹಾಗಾಗಿ ಆಳುವ ಅವೊಂಗಾರಾ ಮನೆತನದವರಿಗೆ ಇದು ಕಣ್ಣಿಗೆ ಆಗುತ್ತಿರಲಿಲ್ಲ. ಬ್ರಿಟಿಷರಿಗೂ ಅಷ್ಟೇ. ಸುಡಾನಿನಲ್ಲಿ 1919ರ ಕಾನೂನಿನಿಂದ ಇಂಥ ಸಂಘಗಳನ್ನೆಲ್ಲ ನಿಷೇಧಿಸಿದರು. ಬೆಲ್ಜಿಯನ್ನರೂ ಅನುಮಾನದ ಕಣ್ಣಿನಿಂದಲೇ ನೋಡಿದರು. ಯಾವಾಗಲೂ ಬಚ್ಚಿಟ್ಟುಕೊಳ್ಳಬೇಕಾದ ಜನರ ಕೈಯಲ್ಲಿ ಈ ಪುಟ್ಟ ಗೊಂಬೆಗಳು ಇದ್ದವು ಅನ್ನೋದು ನೆನಪಿರಲಿ.

ಕೆಲಸ ಹೇಗೆ ನಡೀತಿತ್ತು ಅಂದರೆ, ಗೊಂಬೆಗೆ ಬೇಯಿಸಿದ ಔಷಧಿಯ ಲೇಪ ಸವರುತ್ತಿದ್ದರು, ಹೊಗೆ ಊದುತ್ತಿದ್ದರು, ಬೇಡಿಕೆ ಹೇಳಿಕೊಳ್ಳುತ್ತಿದ್ದರು. ಬೇಡಿಕೊಂಡದ್ದು ಕೈಗೂಡಿದರೆ ಅದಕ್ಕೆ ಕಾಣಿಕೆ: ಒಂದು ಲೋಹದ ಉಂಗುರ, ಒಂದೆರಡು ಗಾಜಿನ ಮಣಿ, ಕೆಲವೊಮ್ಮೆ ನಾಣ್ಯ. ಕಿವಿಗೆ, ಮೂಗಿಗೆ, ಸೊಂಟಕ್ಕೆ, ಎಲ್ಲಿ ಜಾಗವಿದೆಯೋ ಅಲ್ಲಿ. ವರ್ಷಗಳು ಕಳೆದ ಹಾಗೆ ಲೇಪದ ಪದರ ದಪ್ಪವಾಗುತ್ತದೆ, ಉಂಗುರ ಹೆಚ್ಚುತ್ತವೆ. ಹಳೇ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ ಅದು. ಯಾರು ಬಂದರು, ಎಷ್ಟು ಫಲಿಸಿತು, ಎಲ್ಲ ಅಲ್ಲೇ ಮೆತ್ತಿಕೊಂಡಿರುತ್ತದೆ. ಕೆತ್ತಿದವನ ಕೈಚಳಕ ಆ ಪುಸ್ತಕದ ರಟ್ಟು ಮಾತ್ರ.

ಈಗ ಕೆಲವು ವ್ಯಾಪಾರಿಗಳು ಏನು ಮಾಡುತ್ತಾರೆ? ಕೊಳ್ಳುವವರಿಗೆ ನಯವಾದ, ಹೊಳೆಯುವ ಮರ ಇಷ್ಟ ಅಂತ ಜಿಡ್ಡನ್ನೆಲ್ಲ ತೊಳೆದು, ಮಣಿ ಬಿಚ್ಚಿ, ಮೇಣ ತಿಕ್ಕಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಬೆಲೆಯೂ ಬರುತ್ತೆ. ನನಗೆ ಮಾತ್ರ ಅಂಥ ಗೊಂಬೆ ಪುಕ್ಕಟೆ ಕೊಟ್ಟರೂ ಬೇಡ. ನಮ್ಮಲ್ಲೂ ಹಳೇ ಮರದ ಸಾಮಾನು ಸಿಕ್ಕಿದ ಕೂಡಲೇ ಎಣ್ಣೆ ಹಚ್ಚುವ, ವಾರ್ನಿಶ್ ಬಳಿಯುವ ಚಟ ಇದೆ. ದಯವಿಟ್ಟು ಬೇಡ. ಮೆತ್ತನೆ ಬ್ರಶ್ಶಿನಲ್ಲಿ ಧೂಳು ಕೊಡವಿದರೆ ಸಾಕು, ಅದೂ ಪದರ ಉದುರದ ಹಾಗೆ.

ನಕಲಿ ಗುರುತಿಸೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಯಾಂಡಾವನ್ನು ನಕಲು ಮಾಡೋದು ಸುಲಭ, ಯಾಕೆಂದರೆ ರೂಪ ಸರಳ, ಗಾತ್ರ ಚಿಕ್ಕದು, ಒಂದು ಮಧ್ಯಾಹ್ನದಲ್ಲಿ ಕೆತ್ತಿ ಹೊಗೆ ಕೊಟ್ಟು ಬೂಟ್ ಪಾಲಿಶ್ ಬಳಿದು ಮುಗಿಸಬಹುದು. ಆದರೆ ಬಳಕೆಯ ಗುರುತನ್ನು ನಕಲು ಮಾಡೋದು ಕಷ್ಟ. ಉಂಗುರ ವರ್ಷಗಟ್ಟಲೆ ನೇತಾಡಿದ ತೂತು ಒಂದೇ ಕಡೆಗೆ ಸವೆದಿರುತ್ತದೆ. ಹಿಡಿದು ಹಿಡಿದು ಸವೆದ ಜಾಗ ನುಣುಪಾಗಿರುತ್ತದೆ, ಕುತ್ತಿಗೆಯ ಸಂದು, ಕಾಲಿನ ನಡುವೆ, ಇಂಥ ಮೂಲೆಗಳಲ್ಲಿ ಪದರ ದಪ್ಪವಾಗಿ ಬಿರುಕು ಬಿಟ್ಟಿರುತ್ತದೆ. ನಕಲಿಯಲ್ಲಿ ಎಲ್ಲಾ ಕಡೆ ಒಂದೇ ಕಪ್ಪು. ನಾಣ್ಯ ಇದ್ದರೆ ಇಸವಿ ನೋಡಿ. ಅದರಿಂದ ಗೊತ್ತಾಗೋದು ನಾಣ್ಯವನ್ನು ಯಾವ ವರ್ಷಕ್ಕಿಂತ ಹಿಂದೆ ಕಟ್ಟಿರಲಿಕ್ಕೆ ಸಾಧ್ಯವಿಲ್ಲ ಅಂತ ಮಾತ್ರ. ಗೊಂಬೆಯ ವಯಸ್ಸು ಅದರಿಂದ ತಿಳಿಯುವುದಿಲ್ಲ.

ಈ ಗೊಂಬೆಗಳ ಬಗ್ಗೆ ಕೂತು ಅಧ್ಯಯನ ಮಾಡಿದವರು ಬೆಲ್ಜಿಯಂನ ಹರ್ಮನ್ ಬುರ್ಸೆನ್ಸ್. 1962ರಲ್ಲಿ ಬಂದ ಅವರ ಪುಸ್ತಕ ಯಾಂಡಾ ಮತ್ತು ಮಾನಿ ಸಂಘದ ಮೇಲೆಯೇ. ಡಚ್ ಭಾಷೆಯಲ್ಲಿದೆ, ಹುಡುಕಿದರೂ ಸುಲಭಕ್ಕೆ ಸಿಗೋದಿಲ್ಲ. ಸಿಕ್ಕರೆ ಚಿತ್ರ ನೋಡೋಕಾದರೂ ತಗೊಳ್ಳಿ.

ಯಾಂಡಾ ಬಿಟ್ಟು ಕೈಕಾಲು ಸರಿಯಾಗಿ ಇರುವ ದೊಡ್ಡ ಮೂರ್ತಿಗಳೂ ಇವೆ. ಮನುಷ್ಯರ ತಲೆ ಕೆತ್ತಿದ ಬಿಲ್ಲಿನಾಕಾರದ ಹಾರ್ಪ್ ಅನ್ನುವ ತಂತಿವಾದ್ಯಗಳಂತೂ ಬಹಳ ಪ್ರಸಿದ್ಧ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 1909ರಿಂದ 1915ರವರೆಗೆ ಹರ್ಬರ್ಟ್ ಲ್ಯಾಂಗ್ ಮತ್ತು ಜೇಮ್ಸ್ ಚಾಪಿನ್ ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪರವಾಗಿ ಕಾಂಗೋದಲ್ಲಿದ್ದರು. ಪ್ರಾಣಿಪಕ್ಷಿ ತರಲು ಹೋದವರು ಜನರ ಸಾಮಾನುಗಳನ್ನೂ ಸಾವಿರಗಟ್ಟಲೆ ತಂದರು. 1990ರಲ್ಲಿ ಎನಿಡ್ ಶಿಲ್ಡ್‌ಕ್ರೌಟ್ ಮತ್ತು ಕರ್ಟಿಸ್ ಕೀಮ್ ಆ ಸಂಗ್ರಹವನ್ನು ಮತ್ತೆ ಕೂತು ನೋಡಿದಾಗ ಹೇಳಿದ್ದು ಇಷ್ಟು: ಈ ಪ್ರದೇಶದಲ್ಲಿ ಮನುಷ್ಯರ ತಲೆ, ದೇಹ ಕೆತ್ತುವ ಪದ್ಧತಿ ಅಷ್ಟೊಂದು ಬೆಳೆಯೋಕೆ ಯುರೋಪಿನವರ ಬೇಡಿಕೆಯೇ ದೊಡ್ಡ ಕಾರಣ. ಬಿಳಿಯರಿಗೆ ತಲೆಯಿರುವ ವಸ್ತು ಇಷ್ಟ ಅಂತ ಕೆತ್ತುವವರಿಗೆ ಗೊತ್ತಾಯಿತು, ಅವರು ಕೆತ್ತಿದರು. ಜಾಂಡೆ ಕಲಾವಿದ ಪಕ್ಕದ ಮಂಗ್‌ಬೆತು ಜನರ ಶೈಲಿಯಲ್ಲೂ ಕೆತ್ತಬಲ್ಲ. ಹಾಗಿರುವಾಗ ಹರಾಜಿನ ಪಟ್ಟಿಯಲ್ಲಿ "ಜಾಂಡೆ" ಅಂತ ಒಂದೇ ಪದ ನೋಡಿ ನಂಬಿಬಿಟ್ಟರೆ ಆಯ್ತಾ? ಆ ಪದ ಬರೆದವರು ಯಾರು, ಯಾವಾಗ ಬರೆದರು ಅಂತ ಕೇಳಲೇಬೇಕು. ಹಾಗಂತ ಅವು ಸುಳ್ಳು ಕಲೆ ಅಂತ ನಾನು ಹೇಳುತ್ತಿಲ್ಲ. ಗಿರಾಕಿಗಾಗಿ ಕೆತ್ತಿದವನೂ ಕಲಾವಿದನೇ.

ಕೊಳ್ಳುವ ಮುಂಚೆ ಕಾಗದ ನೋಡಿ. ಹಳೇ ಲೇಬಲ್, ಮರದ ಮೇಲೆ ಬಣ್ಣದಲ್ಲಿ ಬರೆದ ದಾಖಲೆ ಸಂಖ್ಯೆ, ಮಿಷನರಿ ಅಥವಾ ಅಧಿಕಾರಿಯ ಮನೆಯಿಂದ ಬಂದ ವಿವರ. "ಹಳ್ಳಿಯಿಂದ ಈಗಷ್ಟೇ ಬಂತು" ಅಂದರೆ ನಾನು ಅಲ್ಲಿಗೇ ಮಾತು ನಿಲ್ಲಿಸುತ್ತೇನೆ. 2008ರ ಕೊನೆಗೆ ಕಾಂಗೋದ ಜಾಂಡೆ ಊರುಗಳಲ್ಲಿ ಉಗಾಂಡಾ ಮೂಲದ ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ದಂಗೆಕೋರರು ಕ್ರಿಸ್ಮಸ್ ಹೊತ್ತಿನಲ್ಲೇ ನೂರಾರು ಜನರನ್ನು ಕೊಂದರು. ದಕ್ಷಿಣ ಸುಡಾನಿನ ಯಾಂಬಿಯೋ ಸುತ್ತ 2015ರಿಂದ ಮತ್ತೆ ಕಾದಾಟ. ಜನ ಮನೆಮಠ ಬಿಟ್ಟು ಓಡಿಹೋದ ಜಾಗದಿಂದ ಬಂದ ಹಳೇ ವಸ್ತು ಒಂದೋ ನಕಲಿ, ಇಲ್ಲಾ ಯಾರದೋ ಕಷ್ಟದಲ್ಲಿ ಕದ್ದದ್ದು. ದಂತದ ಕೆತ್ತನೆಯ ಆಸೆಯನ್ನಂತೂ ಬಿಟ್ಟೇಬಿಡಿ, ಭಾರತದಲ್ಲಿ ಆಫ್ರಿಕಾದ ದಂತದ ವ್ಯಾಪಾರಕ್ಕೂ ನಿಷೇಧವಿದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳೋದಿಲ್ಲ. ಹಳೇ ಮ್ಯೂಸಿಯಂಗಳಲ್ಲಿ ಹುಳ ಹಿಡಿಯದಿರಲಿ ಅಂತ ಮರದ ಸಾಮಾನಿಗೆ ಆರ್ಸೆನಿಕ್, ಆಮೇಲೆ ಡಿಡಿಟಿ ಹಾಕುತ್ತಿದ್ದರು. ಅಲ್ಲಿಂದ ಹೊರಬಂದ ಗೊಂಬೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ.

ವಾಪಸ್ ಕೊಡುವ ವಿಷಯ ಇದೆಯಲ್ಲ, ಅದು ಇನ್ನೂ ಕಗ್ಗಂಟು. ಬೆಲ್ಜಿಯಂ 2022ರಲ್ಲಿ ಒಂದು ಕಾನೂನು ತಂದಿತು. ವಸಾಹತು ಕಾಲದಲ್ಲಿ ತಂದು ಸರ್ಕಾರಿ ಸಂಗ್ರಹದಲ್ಲಿಟ್ಟ ವಸ್ತುಗಳನ್ನು ಹಿಂದಿರುಗಿಸಲು ಅದು ದಾರಿ ಮಾಡುತ್ತದೆ, ಮಾತುಕತೆ ನಡೆಯುವುದು ಸರ್ಕಾರಗಳ ನಡುವೆ. ಖಾಸಗಿಯವರ ಗೊಂಬೆ ಅದರಲ್ಲಿ ಬರೋದಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಯಾಂಬಿಯೋದಲ್ಲಿ ಜಾಂಡೆ ರಾಜ್ಯಕ್ಕೆ ಮತ್ತೆ ರಾಜನ ಪಟ್ಟಾಭಿಷೇಕ ಆಯಿತು. 1905ರಲ್ಲಿ ಬ್ರಿಟಿಷರ ದಾಳಿಯಲ್ಲಿ ಸತ್ತ ಗ್ಬುಡ್ವೆ ರಾಜನ ವಂಶದವರೇ. ಹಾಗಾದರೆ ಅವರಿಗೆ ಕೊಡೋಣವೇ? ಕೇಳೋಕೆ ಚೆಂದ. ಆದರೆ ಮಾನಿ ಸಂಘವನ್ನು ಕಂಡರೆ ಆಗದವರು ಆ ರಾಜಮನೆತನದವರೇ ತಾನೇ! ಕಾಂಗೋ ಸರ್ಕಾರಕ್ಕೆ ಕೊಡಬೇಕೇ, ಯಾವುದೋ ಊರಿನ ಮೊಮ್ಮಕ್ಕಳಿಗೆ ಕೊಡಬೇಕೇ? ಗೊಂಬೆ ಇಟ್ಟುಕೊಂಡಿದ್ದವರ ಹೆಸರು ಯಾವ ಲೇಬಲ್ಲಿನ ಮೇಲೂ ಇರುವುದಿಲ್ಲ, ಬರೆದವನಿಗೆ ಅದು ಬೇಕಾಗಿರಲಿಲ್ಲ. ಹಾಗಾಗಿ ನಿಮ್ಮ ಹತ್ತಿರ ಇರುವುದರ ಅಳತೆ, ಎಲ್ಲಾ ಬದಿಯ ಫೋಟೋ, ಯಾರಿಂದ ಕೊಂಡಿರಿ ಅನ್ನುವ ರಶೀದಿ, ಇಷ್ಟನ್ನು ಒಟ್ಟಿಗೆ ಇಡಿ, ಯಾರಾದರೂ ಅಧ್ಯಯನ ಮಾಡುವವರು ಅಲ್ಲಿಂದ ಕೇಳಿದರೆ ಕಳಿಸಿಕೊಡಿ.

ಮೇಜಿನ ಮೇಲೆ ಎರಡು ಇಟ್ಟಿದ್ದೇನೆ, ಒಂದು ನಕಲಿ. ಕೈಗವಸು ಪಕ್ಕದಲ್ಲೇ ಇದೆ, ಹಾಕಿಕೊಂಡು ಯಾವುದು ಅಂತ ನೀವೇ ಹೇಳಿ.