ಕ್ಷಮಾದಾನದ ಕಡತಕ್ಕೂ ಒಂದು ಗಡುವು ಬೇಕು

ಕೇಳುಗರೇ, ನಮಸ್ಕಾರ. ಇವತ್ತು ಒಂದು ಕಡತದ ಹಿಂದೆ ಹೋಗೋಣ.

ಅದು ಜೈಲಿನಿಂದ ಹೊರಡುತ್ತದೆ. ಒಳಗೆ ಕೈದಿಯ ಅರ್ಜಿ, ಜೈಲು ಅಧಿಕಾರಿಯ ವರದಿ, ಪೊಲೀಸರ ಅಭಿಪ್ರಾಯ, ತೀರ್ಪಿನ ನಕಲು. ಗೃಹ ಇಲಾಖೆ ದಾಟಿ, ಸಂಪುಟ ದಾಟಿ, ರಾಜ್ಯಪಾಲರ ಮೇಜಿಗೆ ಬರುತ್ತದೆ. ಶಿಕ್ಷೆ ಮನ್ನಾ ಮಾಡುವ, ಇಳಿಸುವ ಅಧಿಕಾರವನ್ನು ಸಂವಿಧಾನದ 161ನೇ ವಿಧಿ ಅವರಿಗೆ ಕೊಟ್ಟಿದೆ. ಸಂಪುಟದ ಸಲಹೆಯಂತೆ ನಡೆಯಬೇಕು, ಸರಿ. ಆದರೆ ಎಷ್ಟು ದಿನದೊಳಗೆ? ಆ ವಿಧಿಯಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಪೇರರಿವಾಳನ್ ನಿಮಗೆ ನೆನಪಿರಬಹುದು. 1991ರಲ್ಲಿ ಬಂಧನವಾದಾಗ 19 ವರ್ಷ. ಗಲ್ಲು ಶಿಕ್ಷೆ ಆಯಿತು. ರಾಷ್ಟ್ರಪತಿಗೆ ಅರ್ಜಿ ಹೋಗಿದ್ದು 2000ದಲ್ಲಿ, ಆಗುವುದಿಲ್ಲ ಅಂತ ಉತ್ತರ ಬಂದಿದ್ದು 2011ರಲ್ಲಿ. ಹನ್ನೊಂದು ವರ್ಷ! ಅಷ್ಟೂ ದಿನ, ಬೂಟಿನ ಸದ್ದು ಹತ್ತಿರ ಬಂದಾಗೆಲ್ಲ ಇವತ್ತೇ ಇರಬಹುದಾ ಅಂತ ಎದೆ ಹಿಡಿದು ಕೂರುವುದು ಯಾವ ನ್ಯಾಯಾಧೀಶರೂ ಬರೆಯದ ಶಿಕ್ಷೆ ಅಲ್ವಾ? ವಿಳಂಬದ ಕಾರಣಕ್ಕೇ 2014ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. 2018ರಲ್ಲಿ ತಮಿಳುನಾಡು ಸಂಪುಟ ಬಿಡುಗಡೆಗೆ ಶಿಫಾರಸು ಮಾಡಿತು, ಆ ಕಡತ ರಾಜ್ಯಪಾಲರ ಬಳಿ ಎರಡು ವರ್ಷಕ್ಕೂ ಜಾಸ್ತಿ ಇದ್ದು, ಕೊನೆಗೆ ರಾಷ್ಟ್ರಪತಿಗಳ ಕಡೆ ಹೊರಟಿತು. 2022ರ ಮೇ 18ರಂದು ಕೋರ್ಟೇ ಬಿಡಿಸಬೇಕಾಯಿತು. ಬಿಡುಗಡೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಬೇಡ ಅನ್ನಿಸಿದ್ದರೆ ಬೇಡ ಅಂತ ಬರೆದು ಕಳಿಸಬಹುದಿತ್ತು. ಸುಮ್ನೆ ಇಟ್ಟುಕೊಳ್ಳುವುದು ಉತ್ತರ ಅಲ್ಲ.

ಕ್ಷಮೆ ಕೊಡುವಾಗಲೂ ಅನ್ಯಾಯ ಆಗಬಹುದು. 2002ರ ಗುಜರಾತ್ ಗಲಭೆಯಲ್ಲಿ ಬಿಲ್ಕಿಸ್ ಬಾನು ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು, ಅವರ ಮನೆಯವರನ್ನು ಕೊಂದರು. ಅದೇ 2022ರ ಆಗಸ್ಟ್ 15ರಂದು ಆ ಪ್ರಕರಣದ 11 ಅಪರಾಧಿಗಳನ್ನು ಗುಜರಾತ್ ಸರ್ಕಾರ ಬಿಟ್ಟಿತು. ತನ್ನ ಸುರಕ್ಷತೆ ಬಗ್ಗೆ ಯಾರೂ ವಿಚಾರಿಸಲೇ ಇಲ್ಲ ಎಂದು ಆ ತಾಯಿ ನೊಂದು ಹೇಳಿದರು. ಮನೆಯವರನ್ನು ಕಳೆದುಕೊಂಡ ಹೆಂಗಸಿಗೆ ಮೊದಲೇ ಒಂದು ಮಾತು ತಿಳಿಸುವುದು ಅಷ್ಟು ಕಷ್ಟವಾ? ವಿಚಾರಣೆ ನಡೆದಿದ್ದು ಮಹಾರಾಷ್ಟ್ರದಲ್ಲಿ, ಆದ್ದರಿಂದ ಗುಜರಾತಿಗೆ ಈ ಅಧಿಕಾರವೇ ಇರಲಿಲ್ಲ ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ರದ್ದು ಮಾಡಿತು.

ಅವಧಿಪೂರ್ವ ಬಿಡುಗಡೆಯ ವಿಷಯದಲ್ಲಿ 2025ರ ಫೆಬ್ರುವರಿಯಲ್ಲಿ ಕೋರ್ಟ್ ಇನ್ನೊಂದು ಒಳ್ಳೆಯ ಮಾತು ಹೇಳಿತು. ರಾಜ್ಯದಲ್ಲಿ ಅಂಥ ಬಿಡುಗಡೆಗೆ ಸರ್ಕಾರದ ನೀತಿ ಇದ್ದರೆ ಕೈದಿ ಅರ್ಜಿ ಹಾಕಲಿ ಬಿಡಲಿ, ಅರ್ಹನಾದ ಕೂಡಲೇ ಸರ್ಕಾರವೇ ಪರಿಶೀಲಿಸಬೇಕು, ಕಾರಣ ಬರೆಯಬೇಕು, ಅದನ್ನು ಅವನಿಗೆ ತಿಳಿಸಬೇಕು. ವಕೀಲರಿಲ್ಲದ, ಓದು ಬಾರದ ಬಡ ಕೈದಿಗೆ ಇದು ತುಂಬಾ ದೊಡ್ಡದು. ರಾಜ್ಯಪಾಲರ ಮೇಜಿಗೂ ಇದೇ ಶಿಸ್ತು ಬರಲಿ, ಜೊತೆಗೆ ತಿಂಗಳ ಲೆಕ್ಕದಲ್ಲಿ ಗಡುವೂ ಇರಲಿ.

ಹೌದು ಅನ್ನಲಿ, ಇಲ್ಲ ಅನ್ನಲಿ, ಕಾರಣ ಬರೆದ ಒಂದು ಹಾಳೆ ಹೊರಬರಲಿ. ಕೈದಿಯ ಕೈಗೊಂದು ನಕಲು, ನೊಂದವರ ಮನೆಗೊಂದು ನಕಲು.