ಹಗರಿಯಿಂದ ಹಂಸಲದೀವಿಯವರೆಗೆ: ಕಡಲ ಮಾಲಿನ್ಯದ ಭಾರ ಯಾರ ಮೇಲೆ?

(ದೃಶ್ಯ: ಬಳ್ಳಾರಿ, ಜೀನ್ಸ್ ಒಗೆಯುವ ಘಟಕವೊಂದರ ಹಿಂದಿನ ಚರಂಡಿ)

ನಮಸ್ಕಾರ. ಈ ನೀರನ್ನು ಒಂದು ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ನೊರೆ ಇಳಿಯುತ್ತದೆ, ನೀಲಿ ಉಳಿಯುತ್ತದೆ, ತಳದಲ್ಲಿ ಬೂದಿಯಂಥದ್ದೇನೋ ಕೂರುತ್ತದೆ. ಬೆರಳಲ್ಲಿ ತಿಕ್ಕಿ ನೋಡಿದರೆ ಅದರಲ್ಲಿ ಮಣ್ಣಿಗಿಂತ ಬಟ್ಟೆಯಿಂದ ಉದುರಿದ ಎಳೆಗಳೇ ಹೆಚ್ಚು. ಒಂದು ಹಳೆಯ ಜೀನ್ಸ್ ಪ್ಯಾಂಟನ್ನು ಒಮ್ಮೆ ಒಗೆದರೆ ಸುಮಾರು 56,000 ಎಳೆಗಳು ಉದುರಬಹುದೆಂದು ಕೆನಡಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಜೀನ್ಸ್ ತೊಡುವವರು ತೀರಾ ವಿರಳವಾಗಿರುವ ಆರ್ಕ್ಟಿಕ್ ಸಮುದ್ರದ ತಳದ ಕೆಸರಿನಲ್ಲೂ ಅವರಿಗೆ ಅದೇ ನೀಲಿ ಎಳೆಗಳು ಸಿಕ್ಕಿದ್ದವು.

(ದೃಶ್ಯ: ನಕ್ಷೆ)

ಬಳ್ಳಾರಿಯ ಪೂರ್ವಕ್ಕೆ ಹರಿಯುವ ಹಗರಿ ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಯನ್ನು, ತುಂಗಭದ್ರೆ ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ, ಕೃಷ್ಣೆ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಹಾಗೆಂದು ಇಲ್ಲಿ ಎಸೆದದ್ದೆಲ್ಲ ಕಡಲು ಮುಟ್ಟುತ್ತದೆಯೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು, ಏಕೆಂದರೆ ಶ್ರೀಶೈಲ, ನಾಗಾರ್ಜುನಸಾಗರಗಳ ಹೂಳಿನಲ್ಲಿ ಬಹಳಷ್ಟು ನಿಂತುಬಿಡುತ್ತದೆ. ಆದರೆ ನೀರಿನಲ್ಲಿ ಕರಗಿದ್ದನ್ನು ಅಣೆಕಟ್ಟು ಅಷ್ಟು ಸುಲಭವಾಗಿ ತಡೆಯಲಾರದು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಪೈರು ಹೀರದೆ ಬಿಟ್ಟ ಯೂರಿಯಾದ ಸಾರಜನಕ ಬಸಿನೀರಿನೊಡನೆ ಹೊರಡುತ್ತದೆ. ಇಂಥ ಗೊಬ್ಬರದಂಶ ನದೀಮುಖಗಳಲ್ಲಿ ಹೆಚ್ಚಿದಾಗ ಪಾಚಿ ಬೆಳೆಯುತ್ತದೆ, ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿದ್ದ ಆಮ್ಲಜನಕ ತೀರಿಹೋಗುತ್ತದೆ. ಈಜಬಲ್ಲ ಮೀನು ಓಡಿಹೋಗುತ್ತದೆ, ಕಪ್ಪೆಚಿಪ್ಪು ಅಲ್ಲೇ ಸಾಯುತ್ತದೆ. ಮೀನಿನ ಹಿಂದೆ ದೂರ ಹೋಗಲು ದೊಡ್ಡ ದೋಣಿಯವನಿಗೆ ಡೀಸೆಲ್ ಇರುತ್ತದೆ. ದಡದಲ್ಲಿ ಚಿಪ್ಪು ಆಯ್ದು ಮಾರುವ ಹೆಂಗಸಿಗೆ ಅಂದಿನ ಸಂಪಾದನೆಯೇ ಇಲ್ಲ.

ಕಡಲು ಕೆಟ್ಟರೆ ಎಲ್ಲರಿಗೂ ತೊಂದರೆ ಎಂಬ ಮಾತು ಅರ್ಧ ಸತ್ಯ ಎಂದು ನಾನು ಹೇಳುವುದು ಇದಕ್ಕೇ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೈ ಸೇರಿತು. ಮೊದಲು ಬೆಕ್ಕುಗಳು ಕುಣಿದಂತೆ ತತ್ತರಿಸಿ ಬಿದ್ದು ಸತ್ತವು. 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಹೆಚ್ಚು ನರಳಿದವರು ದಿನವೂ ಮೀನನ್ನೇ ಉಣ್ಣುತ್ತಿದ್ದ ಬೆಸ್ತರ ಮನೆಯವರು, ಅವರಲ್ಲೂ ಹೊಟ್ಟೆಯಲ್ಲಿದ್ದ ಕೂಸುಗಳು: ತಾಯಿ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದರೂ ಮಗು ಮಿದುಳಿಗೆ ಪೆಟ್ಟು ಮಾಡಿಕೊಂಡೇ ಹುಟ್ಟುತ್ತಿತ್ತು. ಸೀಲ್ ಮತ್ತು ತಿಮಿಂಗಿಲದ ಕೊಬ್ಬು ಉಣ್ಣುವ, ಆರ್ಕ್ಟಿಕ್ ತೀರದ ಮೂಲನಿವಾಸಿಗಳಾದ ಇನುಯಿಟ್ ತಾಯಂದಿರ ಎದೆಹಾಲಿನಲ್ಲಿ, ಕಾರ್ಖಾನೆಗಳಿರುವ ದಕ್ಷಿಣ ಕೆನಡಾದ ತಾಯಂದಿರ ಹಾಲಿಗಿಂತ ಹೆಚ್ಚು ಪಿಸಿಬಿ, ಅಂದರೆ ಕೊಬ್ಬಿನಲ್ಲಿ ಶೇಖರವಾಗುವ ಕೈಗಾರಿಕಾ ರಾಸಾಯನಿಕ, ಕಂಡುಬಂದಿತ್ತು.

(ದೃಶ್ಯ: ಕಡಲಾಮೆ, ಬಳಿಕ ತುಂಗಭದ್ರೆಯ ಬಂಡೆಯ ಮೇಲೆ ನೀರುನಾಯಿ)

ಕೃಷ್ಣೆಯ ಮುಖಜ ಭೂಮಿಯ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಕಡಲಲ್ಲಿ ಬಿಟ್ಟುಹೋದ ಹರಕು ಬಲೆಗೆ ಅವು ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದೆ ನೀರಿನಲ್ಲೇ ಮುಳುಗಿ ಸಾಯುತ್ತವೆ. ನಮ್ಮ ನದಿಯ ನೀರುನಾಯಿಗಳಿಗೂ ಮೀನೇ ಆಹಾರ, ಬಲೆಯೇ ಭಯ. ತುಂಗಭದ್ರಾ ಅಣೆಕಟ್ಟಿನ ಕೆಳಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ಅವುಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿನ ಮೀನಿನಲ್ಲಿ ಏನು ಸೇರಿದರೂ ಅದು ಅವುಗಳ ಹೊಟ್ಟೆಗೂ ಹೋಗುತ್ತದೆ, ಹರಿಗೋಲಿನಲ್ಲಿ ಬಲೆ ಬೀಸುವವರ ಮನೆಯ ಸಾರಿಗೂ ಬರುತ್ತದೆ.

(ದೃಶ್ಯ: ಮತ್ತೆ ಅದೇ ಚರಂಡಿ)

ಒಗೆದ ನೀರನ್ನು ಶುದ್ಧೀಕರಿಸಿ ಸೋಸಿದರೆ ಎಳೆಗಳಲ್ಲಿ ಬಹುಪಾಲು ಕೆಸರಾಗಿ ಹಿಂದೆ ನಿಲ್ಲುತ್ತದೆ. ಆ ಕೆಸರನ್ನು ಒಣಗಿಸಿ, ಮೂಟೆ ಕಟ್ಟಿ, ಅದಕ್ಕೆಂದೇ ಇರುವ ಜಾಗಕ್ಕೆ ಸಾಗಿಸಬೇಕು. ರಾತ್ರಿ ಟ್ರ್ಯಾಕ್ಟರಿನಲ್ಲಿ ಒಯ್ದು ಹಳ್ಳದ ದಂಡೆಗೆ ಸುರಿದರೆ, ಬೇಸಿಗೆಯಿಡೀ ಅದು ಅಲ್ಲೇ ಬಿರಿದು ಬಿದ್ದಿದ್ದು, ಮುಂಗಾರಿನ ಮೊದಲ ಪ್ರವಾಹಕ್ಕೆ ಹಗರಿಯ ಕಡೆ ಹೊರಡುತ್ತದೆ.